ಕೊಕ್ಕರೆ ಕಾರಿನ ಬಲಗಾಲು

ನಮ್ಮ ಮನೆಯ ಹಾಲ್‌ನಲ್ಲಿ ನನ್ನ ಅಪ್ಪನ ಫೋಟೋ ಇಲ್ಲ, ಮಾವನವರದೂ ಇಲ್ಲ. ಸೋಫಾದ ಮೇಲಿನ ಗೋಡೆಯಲ್ಲಿ ಅಮೆರಿಕದ ಒಬ್ಬ ಗಡ್ಡದ ಮುದುಕ ಇದ್ದಾನೆ. ಕುದುರೆಗಾಡಿಗಳ ಚಕ್ರ ರಿಪೇರಿ ಮಾಡುತ್ತಿದ್ದವನಂತೆ. ಸರೋವರದ ದಂಡೆಯ ಒಂದು ಊರಿನಲ್ಲಿ ಶೆಡ್ ಹಾಕಿಕೊಂಡು, ಕುದುರೆಯನ್ನು ಬಿಚ್ಚಿ ಎಂಜಿನ್ ಕೂರಿಸಿ, ಮೊದಲ ಕಾರನ್ನು ಊರಿನ ಡಾಕ್ಟರಿಗೆ ಮಾರಿದನಂತೆ. ಆ ಡಾಕ್ಟರು ಹಿಮ ಬೀಳುವಾಗ ಅದೇ ಕಾರಿನಲ್ಲಿ ಹೋಗಿ ಒಂದು ಹೆರಿಗೆ ಮಾಡಿಸಿದರಂತೆ. ಸರೋವರದಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ ಕೊಕ್ಕರೆಯನ್ನು ನೋಡಿ ಕಂಪನಿಗೆ ಅದನ್ನೇ ಗುರುತು ಮಾಡಿಕೊಂಡನಂತೆ. ಈ ಅಂತೆಕಂತೆಗಳನ್ನೆಲ್ಲ ಮದುವೆಯಾದಾಗಿನಿಂದ ಕೇಳುತ್ತ ಬಂದಿದ್ದೇನೆ. ನನ್ನ ಗಂಡನಿಗೆ ಅದು ಚರಿತ್ರೆ, ನನಗೆ ತಲೆನೋವು.

ಓಡಬೇಕಾದ ಗಾಡಿಗೆ ನಿಂತ ಹಕ್ಕಿಯ ಗುರುತು ಹಾಕಿದವನ ಬುದ್ಧಿಗೆ ಏನು ಹೇಳೋಣ ಎಂದು ನಾನು ಕೆಣಕುತ್ತೇನೆ. "ಅದು ತಾಳ್ಮೆಯ ಗುರುತು. ನಿನಗೆ ಅರ್ಥ ಆಗಲ್ಲ ಬಿಡು" ಎನ್ನುತ್ತಾರೆ. ನಿಜ, ತಾಳ್ಮೆಗೂ ನನಗೂ ಆಗಿಬರುವುದಿಲ್ಲ. ಆ ಶನಿವಾರ ಬೆಳಿಗ್ಗೆಯಂತೂ ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಕಿಟಕಿಗೂ ಅಡುಗೆಮನೆಗೂ ಓಡಾಡುತ್ತಿದ್ದೆ. ಕಂಪನಿಯಿಂದ ಇಂಜಿನಿಯರ್ ಬರುವವನಿದ್ದ. ದೂರು ಕೊಟ್ಟು ಅವನನ್ನು ಕರೆಸಿದವಳು ನಾನು. ಅದು ಗಂಡನಿಗೆ ಗೊತ್ತಾಗಿದ್ದು ಹಿಂದಿನ ದಿನ ಸಂಜೆ. ಆಗಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದರು.

ಸೋಮವಾರದಿಂದ ನಮ್ಮ ಮಗಳು ಆ ಕಾರಿನಲ್ಲಿ ಕೆಲಸಕ್ಕೆ ಹೋಗುವುದಿತ್ತು. ಊರಾಚೆ ಹೆದ್ದಾರಿಯ ಬದಿಯ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಅತ್ತ ಕಡೆ ಬಸ್ಸಿಲ್ಲ. ಅವಳಪ್ಪ ಆಗಲೇ ಎರಡನೇ ಕೀಗೆ ಕೆಂಪು ರಿಬ್ಬನ್ ಕಟ್ಟಿ ಕೊಟ್ಟಾಗಿತ್ತು. ಕಾರಿನಲ್ಲಿ ದೋಷವಿದೆ ಎಂದು ಇಂಜಿನಿಯರ್ ಒಪ್ಪಿಕೊಂಡರೆ ಕಂಪನಿ ಅದನ್ನು ವಾಪಸ್ ತೆಗೆದುಕೊಳ್ಳುತ್ತದೆ. ಒಪ್ಪದಿದ್ದರೆ ವಾರಂಟಿ ಈ ತಿಂಗಳಿಗೆ ಮುಗಿಯುತ್ತದೆ, ಮಗಳು ಅದೇ ಕಾರನ್ನು ಲಾರಿಗಳ ನಡುವೆ ಓಡಿಸಿಕೊಂಡು ಹೋಗುತ್ತಾಳೆ.

ಗಂಡನನ್ನು ಪೂರ್ತಿ ಬೈಯುವುದಕ್ಕೂ ಮನಸ್ಸು ಬರುವುದಿಲ್ಲ. ಮಾವನವರು ಒಬ್ಬ ಗಿರಣಿ ಮಾಲೀಕನ ಡ್ರೈವರ್ ಆಗಿದ್ದರು. ಅವರು ಓಡಿಸುತ್ತಿದ್ದದ್ದು ಇದೇ ಕೊಕ್ಕರೆ ಕಂಪನಿಯ ಉದ್ದನೆಯ ಕಪ್ಪು ಕಾರು. ಇವರು ಚಿಕ್ಕವರಿದ್ದಾಗ ರಜಾದಿನ ಅಪ್ಪನ ಜೊತೆ ಹೋಗಿ ಆ ಕಾರು ಒರೆಸುತ್ತಿದ್ದರು. ಒರೆಸಬಹುದಿತ್ತು, ಒಳಗೆ ಕೂರುವ ಹಾಗಿರಲಿಲ್ಲ. ಬಾನೆಟ್ಟಿನ ಮೇಲಿನ ಬೆಳ್ಳಿ ಬಣ್ಣದ ಕೊಕ್ಕರೆಯನ್ನು ತಮ್ಮ ಬನಿಯನ್ನಿನಿಂದ ಉಜ್ಜಿ ಹೊಳಪು ಮಾಡುತ್ತಿದ್ದರಂತೆ. ಮುಂದೆ ಕನ್ನಡಕದ ಅಂಗಡಿ ಇಟ್ಟು, ಊರಿನವರ ಕಣ್ಣಿಗೆ ಗಾಜು ಉಜ್ಜಿ ಉಜ್ಜಿ, ಕಡೆಗೂ ಆ ಕೊಕ್ಕರೆಯನ್ನು ನಮ್ಮ ಮನೆ ಬಾಗಿಲಿಗೆ ತಂದರು. ಕಾರು ಬಂದ ದಿನ ಹಿಂದಿನ ಸೀಟಿನಲ್ಲಿ ಒಬ್ಬರೇ ಹೋಗಿ ಕೂತು, ಬಾಗಿಲು ಹಾಕಿಕೊಂಡು, ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಮೇಲೆ ಶುರುವಾಯಿತು ಅದರ ವರಸೆ. ವೇಗವಾಗಿ ಬಂದು ಸಿಗ್ನಲ್ಲಿನಲ್ಲಿ ನಿಧಾನ ಮಾಡಿದರೆ, ಇನ್ನೂ ಉರುಳುತ್ತಿರುವಾಗಲೇ ಎಂಜಿನ್ ಪ್ರಾಣ ಬಿಡುತ್ತಿತ್ತು. ಸ್ಟಿಯರಿಂಗ್ ಕಲ್ಲಾಗುತ್ತಿತ್ತು, ಬ್ರೇಕು ಮರದ ಹಲಗೆಯಾಗುತ್ತಿತ್ತು. ಮೊದಲ ಸಲ ಹಾಗಾದಾಗ ಓಡಿಸುತ್ತಿದ್ದವಳು ನಾನು. ಕಾಲೇಜಿಗೆ ಹೋಗುತ್ತಿದ್ದ ಮಗಳು ಪಕ್ಕದಲ್ಲಿದ್ದಳು. ದೊಡ್ಡ ಕ್ರಾಸಿನ ನಟ್ಟನಡುವೆ ಕಾರು ಸತ್ತುಬಿದ್ದಿತು, ಹಿಂದಿನಿಂದ ಬಂದ ಸಿಮೆಂಟ್ ಲಾರಿ ನಮ್ಮ ಬಂಪರಿಗೆ ಒಂದು ಗೇಣು ಉಳಿಸಿ ನಿಂತಿತು. ಮನೆಗೆ ಬಂದು ಹೇಳಿದರೆ, ಗಂಡ ಕೇಳಿದ್ದು ಒಂದೇ ಮಾತು.

"ಕ್ಲಚ್ ಪೂರ್ತಿ ಒತ್ತಿದ್ಯಾ?"

"ಒತ್ತಿದ್ದೆ ಕಣ್ರೀ."

"ಒತ್ತಿರಲ್ಲ. ಒತ್ತಿದ್ದರೆ ಹೇಗೆ ಆಫ್ ಆಗುತ್ತೆ? ನನಗೆ ಯಾವತ್ತೂ ಆಗಿಲ್ವಲ್ಲ."

ಅದು ಸುಳ್ಳಲ್ಲ, ಅವರಿಗೆ ಆಗುತ್ತಿರಲಿಲ್ಲ. ನನಗೆ ಮತ್ತೆ ಆಯಿತು, ಮತ್ತೂ ಆಯಿತು. ನನ್ನ ಅಮ್ಮನ ಹಳೇ ಡಬ್ಬಾ ಕಾರನ್ನು ಘಟ್ಟದ ರಸ್ತೆಯಲ್ಲೂ ಓಡಿಸಿದವಳು ನಾನು. ಆದರೂ ಒಂದು ಮಾತನ್ನು ದಿನಾ ಕೇಳುತ್ತಿದ್ದರೆ ಅದು ಮೈಗೆ ಹತ್ತಿಬಿಡುತ್ತದೆ. ಒಂದು ದಿನ ಕೀಯನ್ನು ಮೊಳೆಗೆ ತಗುಲಿಹಾಕಿ, "ನಂಗೇ ಓಡಿಸೋಕೆ ಬರಲ್ಲ ಅನ್ಸುತ್ತೆ" ಎಂದುಬಿಟ್ಟೆ. ಅಂದಿನಿಂದ ಆಸ್ಪತ್ರೆಯ ಕೆಲಸಕ್ಕೆ ಬಸ್ಸಿನಲ್ಲೇ ಹೋಗಿ ಬರುತ್ತಿದ್ದೇನೆ.

ಆಸ್ಪತ್ರೆಯಲ್ಲಿ ನಾನು ಫಿಸಿಯೋಥೆರಪಿಸ್ಟ್. ಜನರ ನಡಿಗೆ ನೋಡುವುದೇ ನನ್ನ ಅನ್ನ. ನೋವಿರುವ ಮಂಡಿಯನ್ನು ಬಚ್ಚಿಟ್ಟುಕೊಂಡು ನಡೆಯುವುದರಲ್ಲಿ ಮನುಷ್ಯನಷ್ಟು ಜಾಣ ಇನ್ನೊಬ್ಬನಿಲ್ಲ. ಸೊಂಟ ಒಂದಿಷ್ಟು ತಿರುಗಿಸಿ, ಹೆಜ್ಜೆ ಒಂದಿಷ್ಟು ಚಿಕ್ಕದು ಮಾಡಿ, ಕಡೆಗೆ ತಾನು ಕುಂಟುತ್ತಿರುವುದೇ ಮರೆತುಹೋಗುತ್ತದೆ. ಅಂಥವರ ಬೂಟು ಮಾತ್ರ ಸುಳ್ಳು ಹೇಳುವುದಿಲ್ಲ. ನನ್ನ ಗಂಡನ ಬಲಗಾಲಿನ ಬೂಟಿನ ಅಟ್ಟೆ ಹೊರ ಅಂಚಿನಲ್ಲಿ ಸವೆದು ಓರೆಯಾಗಿತ್ತು, ಎಡಗಾಲಿನದು ನೆಟ್ಟಗಿತ್ತು. ಹೊಸ ಬೂಟು ತಂದರೂ ಅದೇ ಕಥೆ. "ರೀ, ಒಂದ್ಸಲ ಮಲಗಿ, ನಿಮ್ಮ ಸೊಂಟ ನೋಡ್ತೀನಿ" ಎಂದು ಎಷ್ಟು ಸಲ ಗೋಗರೆದಿದ್ದೇನೋ. "ನನ್ನ ಸೊಂಟಕ್ಕೆ ಏನೂ ಆಗಿಲ್ಲ, ನಿನ್ನ ಪೇಷಂಟುಗಳನ್ನ ನೋಡ್ಕೋ ಹೋಗು" ಎನ್ನುತ್ತಿದ್ದರು.

ಅವರ ಸಂಜೆಗಳೆಲ್ಲ ಫೋನಿನಲ್ಲಿ ಕಳೆಯುತ್ತಿದ್ದವು. ಕೊಕ್ಕರೆ ಕಾರಿನ ಮಾಲೀಕರದೊಂದು ಗುಂಪಿದೆ. ಇವರು ಅದರ ಹಿರಿಯ, ಎಲ್ಲರ ಬಾಯಲ್ಲೂ ಕೊಕ್ಕರೆ ಅಣ್ಣ. ಗುಂಪಿನ ತುಂಬ ಗೋಳು. ಅಳಿಯನ ಎದುರು ಮಾನ ಹೋಯಿತು ಎಂದು ಒಬ್ಬರು, ಸರ್ವಿಸ್‌ನವರು ದೋಷ ಕಂಡುಬಂದಿಲ್ಲ ಎಂದು ಬರೆದು ಕಾರು ತೊಳೆದು ಕಳಿಸಿದರು ಎಂದು ಇನ್ನೊಬ್ಬರು. ಹೊಸ ಕಾರಿಗೆ ಹಗ್ಗ ಕಟ್ಟಿ ಎಳೆಯುವ ಫೋಟೋ ಹಾಕಿ, ಕೊಕ್ಕರೆಯ ಜಾಗಕ್ಕೆ ಎಮ್ಮೆಯ ಚಿತ್ರ ಹಾಕಿಸುತ್ತೇನೆ ಎಂದು ಮತ್ತೊಬ್ಬ. ಎಲ್ಲರಿಗೂ ಇವರ ಉತ್ತರ ಸಿದ್ಧ. ಮೊದಲು ಒಂದಿಷ್ಟು ಚರಿತ್ರೆ: ಯುದ್ಧಕಾಲದಲ್ಲಿ ಇದೇ ಕಂಪನಿ ಆಂಬುಲೆನ್ಸ್ ಮಾಡಿತ್ತು, ಎರಡು ಸಲ ಮುಳುಗಿ ಎದ್ದಿತ್ತು, ಮುದುಕನ ಮೊಮ್ಮಗ ಸ್ವಂತ ಮನೆ ಅಡವಿಟ್ಟು ಕಾರ್ಖಾನೆ ಉಳಿಸಿದ. ಕೊನೆಯಲ್ಲಿ ಸಲಹೆ: "ನಿಲ್ಲಿಸುವ ಮುಂಚೆ ಕಾಲಿಗೆ ಸ್ವಲ್ಪ ಹದ ಕೊಡಿ, ಗಾಡಿ ನಿಮ್ಮ ಮಾತು ಕೇಳುತ್ತೆ." ಒಂದು ವಾರದಲ್ಲಿ ಧನ್ಯವಾದ ಬರುತ್ತಿತ್ತು. ಅಣ್ಣ, ನೀವು ಹೇಳಿದ ಹಾಗೆ ಮಾಡಿದೆ, ಈಗ ತೊಂದರೆ ಇಲ್ಲ. ಅದನ್ನು ಇವರು ನನಗೆ ಓದಿ ಹೇಳುತ್ತಿದ್ದರು.

ನಾನು ಇದನ್ನೆಲ್ಲ ಸಹಿಸಿಕೊಂಡು ಇದ್ದುಬಿಡುತ್ತಿದ್ದೆನೇನೋ. ಆದರೆ ಆ ಶನಿವಾರಕ್ಕೆ ಒಂದು ವಾರ ಮುಂಚೆ ಅಪ್ಪ ಮಗಳನ್ನು ಅಭ್ಯಾಸಕ್ಕೆಂದು ಕರೆದುಕೊಂಡು ಹೋಗಿದ್ದರು. ವಾಪಸ್ ಬಂದವಳು ಮುಖ ಬಾಡಿಸಿಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು.

"ಏನಾಯ್ತೇ?"

"ಸಿಗ್ನಲ್ಲಲ್ಲಿ ಆಫ್ ಆಗೋಯ್ತು. ಎರಡು ಸಲ. ಅಪ್ಪ ಬೈಲಿಲ್ಲ, ಪಾಪ. ಕ್ಲಚ್ ನೋಡ್ಕೋ ಅಂದ್ರು ಅಷ್ಟೆ." ನೀರು ಕುಡಿದು ಲೋಟ ಇಟ್ಟಳು. "ನಂಗೇ ಓಡಿಸೋಕೆ ಬರಲ್ಲ ಅನ್ಸುತ್ತೆ, ಅಮ್ಮ."

ನಾನು ಆಡಿದ ಮಾತೇ, ಒಂದಕ್ಷರ ಆಚೀಚೆ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಬಸ್ಸಿನಲ್ಲಿ ಓಡಾಡಿದ್ದು ಹಾಳಾಗಿ ಹೋಗಲಿ, ಇವಳು ಈ ಮಾತನ್ನು ತಲೆಯಲ್ಲಿ ಹೊತ್ತುಕೊಂಡು ಹೆದ್ದಾರಿಗೆ ಇಳಿಯುವುದು ಬೇಡ. ಅವತ್ತೇ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕಂಪನಿಗೆ ಫೋನು ಹಚ್ಚಿದೆ. ಒಬ್ಬಳು ಇನ್ನೊಬ್ಬಳಿಗೆ ಕೊಟ್ಟಳು, ಅವಳು ಕಾಯಿಸುವ ಸಂಗೀತಕ್ಕೆ ಕೊಟ್ಟಳು. ನಾನೂ ಬಿಡಲಿಲ್ಲ, ಶನಿವಾರ ಇಂಜಿನಿಯರ್ ಮನೆಗೇ ಬರುತ್ತಾನೆ ಎನ್ನುವವರೆಗೆ ಜಿಗಣೆಯ ಹಾಗೆ ಹಿಡಿದಿದ್ದೆ.

ಅವನು ಬಂದ. ಎತ್ತರದ ಆಳು, ಮೆಲುಮಾತು, ಬಗಲಲ್ಲಿ ಲ್ಯಾಪ್‌ಟಾಪ್. ಸ್ಟಿಯರಿಂಗಿನ ಕೆಳಗೆ ವೈರು ಸಿಕ್ಕಿಸಿ ಪರದೆ ನೋಡುತ್ತ ಕೂತ. ನನ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದರು. ಮನೆಗೆ ಬಂದ ನೆಂಟರ ಮುಂದೆ ಹೆಂಡತಿ ಏನೋ ಆಡಿಬಿಟ್ಟಳು ಎನ್ನುವ ಮುಖ.

"ಸಾರ್, ಕಂಪ್ಯೂಟರಲ್ಲಿ ಏನೂ ತೋರಿಸ್ತಿಲ್ಲ" ಎಂದ ಇಂಜಿನಿಯರ್.

"ತೋರಿಸಲ್ಲ. ಯಾಕಂದ್ರೆ ಏನೂ ಇಲ್ಲ" ಎಂದರು ಇವರು. "ಮನೆಯವರಿಗೆ ಸ್ವಲ್ಪ ಗಾಬರಿ."

"ಗಾಬರಿ ಅಲ್ಲ, ಕೋಪ" ಎಂದೆ ನಾನು.

ಇಂಜಿನಿಯರ್ ಕೆಮ್ಮಿದ. "ಒಂದು ರೌಂಡ್ ಹೋಗಿ ಬರೋಣ. ಸಾರ್, ನೀವೇ ಓಡಿಸಿ. ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ. ನನ್ನ ಕಣ್ಣೆದುರಿಗೆ ಒಂದು ಸಲ ಆಫ್ ಆದ್ರೆ ಸಾಕು, ನಾನು ಬರೆದುಕೊಡ್ತೀನಿ."

ಗಂಡ ಸ್ಟಿಯರಿಂಗ್ ಹಿಡಿದರು, ಇಂಜಿನಿಯರ್ ಅವರ ಪಕ್ಕ, ನಾನೂ ಮಗಳೂ ಹಿಂದೆ. ಹೊರವಲಯದ ಅಗಲ ರಸ್ತೆಯಲ್ಲಿ ವೇಗವಾಗಿ ಹೋಗಿ ಪ್ರತಿ ಸಿಗ್ನಲ್ಲಿನಲ್ಲೂ ನಿಂತೆವು. ಕಾರು ಬೆಣ್ಣೆಯಷ್ಟು ನುಣುಪಾಗಿ ಓಡಿತು, ನಿಂತಿತು, ಮತ್ತೆ ಓಡಿತು. ನಾನು ಉಗುರು ಕಚ್ಚುತ್ತಿದ್ದೆ. ಸಾಯಿ, ಸಾಯಿ ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ಬೇಡದಾಗೆಲ್ಲ ಸಾಯುವ ಗಾಡಿ, ಬೇಕಾದಾಗ ಗುಂಡುಕಲ್ಲಿನ ಹಾಗಿತ್ತು. ಮತ್ತೊಂದು ಸಿಗ್ನಲ್ ದಾಟಿತು. ಇಂಜಿನಿಯರ್ ಕಿಟಕಿಯಾಚೆ ನೋಡತೊಡಗಿದ. ಮಗಳು ನನ್ನ ಕಿವಿಯ ಹತ್ತಿರ ಬಂದು, "ನೋಡಮ್ಮ, ಅಪ್ಪ ಓಡಿಸಿದ್ರೆ ಸರಿಯಾಗೇ ಇರುತ್ತೆ" ಎಂದಳು. ಆ ಸಣ್ಣ ದನಿ ಕೇಳಿ ನನಗೆ ಅಳು ಬಂದಂತಾಯಿತು.

ಆಗ ನನ್ನ ಕಿವಿಗೆ ಏನೋ ಬಿತ್ತು. ಕಾರು ನಿಲ್ಲುವಾಗ ಎಂಜಿನ್ನಿನ ಸದ್ದು ಇಳಿಯಬೇಕು ತಾನೆ? ಇವರು ನಿಲ್ಲಿಸುವಾಗ ಇಳಿಯುವ ಮುನ್ನ ಒಂದು ಗುಟುಕು ಏರುತ್ತಿತ್ತು. ಮುಂದಿನ ಸಿಗ್ನಲ್ಲಿಗೆ ಎರಡು ಸೀಟುಗಳ ನಡುವೆ ತಲೆ ತೂರಿಸಿ ಕೆಳಗೆ ನೋಡಿದೆ. ಅವರ ಬಲಪಾದದ ಒಳ ಅರ್ಧ ಬ್ರೇಕಿನ ಮೇಲಿತ್ತು. ಹೊರ ಅಂಚು ಓರೆಯಾಗಿ ಪಕ್ಕದ ಎಕ್ಸಲರೇಟರನ್ನು ಮೆಲ್ಲಗೆ ತಟ್ಟುತ್ತಿತ್ತು, ಮಗುವಿನ ಬೆನ್ನು ತಟ್ಟಿ ಮಲಗಿಸಿದ ಹಾಗೆ. ಅಷ್ಟರಲ್ಲಿ ಎಡಗೈ, ಎಂಜಿನ್ನಿನ ಹೊರೆ ಇಳಿಸುವ ಹಾಗೆ, ತಾನಾಗಿಯೇ ಹೋಗಿ ಎ.ಸಿ. ಆರಿಸಿ ಬಂದಿತ್ತು. ಇವರು ಇಂಜಿನಿಯರನಿಗೆ ಮುದುಕನ ಮೊಮ್ಮಗನ ಕಥೆ ಹೇಳುತ್ತಲೇ ಇದ್ದರು. ತಮ್ಮ ಕಾಲು ಏನು ಮಾಡುತ್ತಿದೆ ಎನ್ನುವುದು ಅವರಿಗೆ ಗೊತ್ತೇ ಇರಲಿಲ್ಲ.

ನನ್ನ ಕಣ್ಣಿಗೆ ಆ ಸವೆದ ಅಟ್ಟೆ ಬಂತು. ಸೊಂಟವೂ ಅಲ್ಲ, ಮಂಡಿಯೂ ಅಲ್ಲ. ಕುಂಟುತ್ತಿದ್ದದ್ದು ಕಾರು, ಬೂಟು ಸವೆದದ್ದು ಇವರದು.

"ರೀ, ಸೈಡಿಗೆ ಹಾಕಿ" ಎಂದೆ. "ನಾನು ಓಡಿಸ್ತೀನಿ."

ಅವರು ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಹಿಂದಿನ ದಿನದ ಸಂಜೆಯಿಂದ ಅವರು ನನ್ನತ್ತ ನೋಡಿದ್ದು ಅದೇ ಮೊದಲು.

"ನೀನಾ? ನಿನಗೆ ಅಭ್ಯಾಸ ತಪ್ಪಿದೆ."

"ಅದಕ್ಕೇ ನಾನು ಓಡಿಸ್ಬೇಕು. ನಿಮಗೆ ಅಭ್ಯಾಸ ಜಾಸ್ತಿ ಆಗಿದೆ."

ಇಂಜಿನಿಯರ್ ಇಬ್ಬರನ್ನೂ ನೋಡಿ, "ಮೇಡಂ ಓಡಿಸ್ಲಿ ಬಿಡಿ ಸಾರ್" ಎಂದ. ಬಸ್ ಸ್ಟಾಪಿನ ಹತ್ತಿರ ನಿಂತೆವು. ಮಗಳನ್ನು ಅಲ್ಲೇ ಇಳಿಸಿದೆ. ಅವಳು ಒಪ್ಪಲಿಲ್ಲ, ಗದರಿಸಿಯೇ ಇಳಿಸಬೇಕಾಯಿತು. ಈ ಗಾಡಿಯನ್ನು ಸಾಯಿಸಲು ಹೊರಟಾಗ ಅವಳು ಒಳಗಿರುವುದು ನನಗೆ ಬೇಡವಾಗಿತ್ತು. ಗಂಡ ಹಿಂದಿನ ಸೀಟಿಗೆ ಹೋದರು.

ಸೀಟು ಮುಂದಕ್ಕೆ ಎಳೆದು ಸ್ಟಿಯರಿಂಗ್ ಹಿಡಿದೆ. ಹೆದರಿಕೆ ಇತ್ತು, ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕಾರಿನ ಹೆದರಿಕೆಗಿಂತ ಇನ್ನೊಂದು ಹೆದರಿಕೆ ದೊಡ್ಡದಾಗಿತ್ತು. ಒಂದು ವೇಳೆ ಕಾರು ಸಾಯದಿದ್ದರೆ? ಆಗ ಇಷ್ಟು ವರ್ಷ ಅವರು ಹೇಳಿದ್ದೇ ನಿಜವಾಗುತ್ತದೆ. ಮಗಳು ಸೋಮವಾರ ಇದೇ ಕಾರು ಹತ್ತಿ ಹೊರಡುತ್ತಾಳೆ, ಕಾರು ನಿಂತಾಗಲೆಲ್ಲ ತನ್ನನ್ನೇ ಬೈದುಕೊಳ್ಳುತ್ತಾಳೆ.

ಎ.ಸಿ. ಹಾಕಿದೆ. ವೇಗ ಏರಿಸಿ, ಮುಂದಿನ ತಿರುವಿನಲ್ಲಿ ಸುತ್ತಿ ಬಂದು, ಬಸ್ ಸ್ಟಾಪಿನ ಎದುರಿನ ಸಿಗ್ನಲ್ಲಿಗೆ ಹತ್ತಿರವಾದೆ. ಕೆಂಪು ದೀಪ ಬಿತ್ತು. ಕ್ಲಚ್ಚನ್ನು ನೆಲ ಮುಟ್ಟುವವರೆಗೆ ಒತ್ತಿದೆ. "ನೋಡ್ಕೊಳ್ಳಿ, ಕ್ಲಚ್ ಪೂರ್ತಿ ಕೆಳಗಿದೆ" ಎಂದು ಇಂಜಿನಿಯರನಿಗೆ ಕೂಗಿ ಹೇಳಿದೆ. ಅವನು ಬಗ್ಗಿ ನೋಡಿದ. ಬ್ರೇಕು ಒತ್ತಿದೆ.

ನನ್ನ ಸೀಟಿನ ಹಿಂದೆ ಟಪ್ ಎಂದಿತು. ಮತ್ತೆ ಟಪ್, ಟಪ್.

ಎಂಜಿನ್ ಒಮ್ಮೆ ನಡುಗಿ ಆರಿಹೋಯಿತು. ಸ್ಟಿಯರಿಂಗ್ ಬಿಗಿಯಾಯಿತು. ಇದ್ದ ಬಲವೆಲ್ಲ ಹಾಕಿ ಬ್ರೇಕು ತುಳಿದೆ. ಬಿಳಿ ಗೆರೆ ದಾಟಿ, ಕ್ರಾಸಿಗೆ ಮೂತಿ ಚಾಚಿ ಕೊಕ್ಕರೆ ನಿಂತಿತು. ಡ್ಯಾಶ್‌ಬೋರ್ಡಿನ ಕೆಂಪು ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು.

"ಆಯ್ತು ಮೇಡಂ" ಎಂದ ಇಂಜಿನಿಯರ್, ಅಪಾಯದ ದೀಪ ಒತ್ತುತ್ತ. ಅವನ ಮುಖದ ಬಣ್ಣ ಹೋಗಿತ್ತು. "ನೋಡಿದೆ."

ನಾನು ಹಿಂದಕ್ಕೆ ತಿರುಗಿದೆ. ಗಂಡನ ಬಲಗಾಲು ಇನ್ನೂ ರಬ್ಬರ್ ಮ್ಯಾಟನ್ನು ತಟ್ಟುತ್ತಿತ್ತು. ಅರ್ಧ ಪಾದ ಊರಿ, ಹೊರ ಅಂಚು ಓರೆ ಮಾಡಿ, ಅಲ್ಲಿಲ್ಲದ ಪೆಡಲನ್ನು ಒತ್ತುತ್ತಿತ್ತು. ನಾನು ನೋಡುತ್ತಿರುವುದನ್ನು ನೋಡಿ ಅವರೂ ಕೆಳಗೆ ನೋಡಿದರು. ಕಾಲು ನಿಂತಿತು. ಅದು ಬೇರೆ ಯಾರದೋ ಕಾಲು ಎಂಬಂತೆ ಅದನ್ನೇ ದಿಟ್ಟಿಸಿದರು.

"ಇದನ್ನ... ನಾನು ಯಾವಾಗಿಂದ ಮಾಡ್ತಿದೀನಿ?" ಎಂದರು.

"ನಿಮ್ಮ ಬೂಟನ್ನ ಕೇಳಿ" ಎಂದೆ.

ಅವರು ಕಾಲನ್ನು ಮಂಡಿಯ ಮೇಲೆ ಹಾಕಿಕೊಂಡು ಅಟ್ಟೆಯನ್ನು ಬೆರಳಿನಿಂದ ಮುಟ್ಟಿದರು. ಗಾಜಿನ ಅಂಚು ಪರೀಕ್ಷಿಸುವ ಅದೇ ಬೆರಳು. ನಿಧಾನವಾಗಿ ಇಂಜಿನಿಯರನ ಕಡೆ ತಿರುಗಿದರು. "ನಾನು ಗುಂಪಿನಲ್ಲಿ ಎಲ್ರಿಗೂ ಹೇಳಿದೀನಿ. ಕಾಲಿಗೆ ಹದ ಕೊಡಿ, ಕೊಡಿ ಅಂತ. ಹದ ಅಂದ್ರೆ ಇದೇ ಅಂತ ನನಗೇ ಗೊತ್ತಿರ್ಲಿಲ್ಲ."

"ಅಂದ್ರೆ ಅವರೆಲ್ಲ ಹೀಗೇ ಓಡಿಸ್ತಿದಾರಾ ಸಾರ್?" ಇಂಜಿನಿಯರ್ ಹಣೆ ಒರೆಸಿಕೊಂಡ. "ಅದಕ್ಕೇ ನಮಗೆ ಎಲ್ಲೂ ದೋಷ ಸಿಗ್ತಿಲ್ಲ."

ಕೀ ತಿರುಗಿಸಿ ನೋಡಿದೆ, ಎಂಜಿನ್ ಏಳಲಿಲ್ಲ. ಹಿಂದಿನಿಂದ ಹಾರ್ನು ಶುರುವಾಯಿತು. ಒಬ್ಬ ಕಿಟಕಿಯಿಂದ ತಲೆ ಹಾಕಿ, ಹೆಂಗಸರಿಗೆ ಗಾಡಿ ಕೊಡುವವರನ್ನು ಅನ್ನಬೇಕು ಎಂದು ಅರಚಿದ. ಮಗಳು ಬಸ್ ಸ್ಟಾಪಿನಿಂದ ವಾಹನಗಳ ನಡುವೆ ಕೈ ಅಡ್ಡ ಮಾಡುತ್ತ ಓಡಿಬಂದಳು. ನನ್ನ ಕಿಟಕಿಯ ಅಂಚು ಹಿಡಿದುಕೊಂಡು ಏದುಸಿರು ಬಿಡುತ್ತ ಕೇಳಿದಳು.

"ಅಮ್ಮ, ನೀನು ಏನು ತಪ್ಪು ಮಾಡ್ದೆ?"

ಅವಳ ತಪ್ಪಲ್ಲ, ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲೇ ಕಲಿತದ್ದು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಡ ಬಾಗಿಲು ತೆರೆದು ಇಳಿದರು. ಹಾರ್ನುಗಳ ನಡುವೆ, ಆ ಅರಚಿದವನಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ಅಮ್ಮ ಏನೂ ತಪ್ಪು ಮಾಡಿಲ್ಲ. ಅವತ್ತೂ ಮಾಡಿರ್ಲಿಲ್ಲ. ನೀನೂ ಮಾಡಿರ್ಲಿಲ್ಲ ಪುಟ್ಟಿ." ಕಾರಿನ ಚಾವಣಿಯ ಮೇಲೆ ಅಂಗೈ ಊರಿದರು. "ನಾನೇ ಓಡಿಸ್ತಾ ಇರ್ಲಿಲ್ಲ. ಅದು ಬೀಳದ ಹಾಗೆ ಹಿಡ್ಕೊಂಡಿದ್ದೆ, ಅಷ್ಟೆ."

ಮಗಳು ಜೇಬಿನಿಂದ ಕೆಂಪು ರಿಬ್ಬನ್ನಿನ ಕೀ ತೆಗೆದು ಅಪ್ಪನ ಕೈಗೆ ಕೊಟ್ಟಳು. ಅವರು ಅದನ್ನು ಇಂಜಿನಿಯರನಿಗೆ ದಾಟಿಸಿದರು. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಕಾರಿನ ಹಿಂದೆ ತಳ್ಳಲು ನಿಂತರು. ನನಗೆ ಅವರ ಮೇಲಿದ್ದ ಸಿಟ್ಟು ಹೋಗಿರಲಿಲ್ಲ, ಅಷ್ಟು ಸುಲಭವಾಗಿ ಹೋಗುವಂಥದ್ದೂ ಅಲ್ಲ. ಆದರೂ ಸ್ಟಿಯರಿಂಗಿಗೆ ಹಣೆ ಊರಿ ಅತ್ತೆ. ಇಷ್ಟು ವರ್ಷ ಆ ಒಂದು ಮಾತಿಗಾಗಿ ಕಾದಿದ್ದೆ ಎನ್ನುವುದು ನನಗೂ ಆವತ್ತೇ ಗೊತ್ತಾದದ್ದು.

"ಹಿಡ್ಕೊಂಡಿದೀಯಾ?" ಎಂದು ಹಿಂದಿನಿಂದ ಕೂಗಿದರು. "ನೀನು ಹೇಳಿದಾಗ ತಳ್ತೀನಿ."

ದೀಪ ಹಸಿರಾಗಿತ್ತು. ಹಿಂದಿದ್ದವನು ಹಾರ್ನು ಹೊಡೆಯುತ್ತಲೇ ಇದ್ದ. ಹೊಡೆದುಕೊಳ್ಳಲಿ ಎಂದು ಬಿಟ್ಟು, ಸೆರಗಿನಿಂದ ಸಾವಕಾಶವಾಗಿ ಮೂಗು ಒರೆಸಿಕೊಂಡೆ. ಆಮೇಲೆ ತಳ್ಳಲು ಹೇಳಿದೆ.